ಡಿಸ್ಕವರಿಗೆ ಅಂಟಿಸಿದ್ದು ರೆಕ್ಕೆಯಲ್ಲ ಸಾರ್

"ಸಿನಿಮಾದಲ್ಲಿ ಇದಕ್ಕೆ ರೆಕ್ಕೆ ಇರ್ಲಿಲ್ವಲ್ಲಪ್ಪಾ?" ಅಂತ ತೀರ್ಪುಗಾರರು ಕೇಳಿದರು. ರೆಕ್ಕೆಯಲ್ಲ ಸಾರ್, ರೇಡಿಯೇಟರ್ ಅಂದೆವು. ನಕ್ಕರು. ಹಾಳೆಯಲ್ಲಿ "ಮೂಲದಂತಿಲ್ಲ" ಎಂದು ಬರೆದು ಮುಂದಿನ ಮೇಜಿಗೆ ಹೋದರು. ಬೆಳ್ಳಿ ಬಣ್ಣ ಬಳಿದು ನೀಲಿ ಎಲ್‌ಇಡಿ ಹಾಕಿದ್ದ ಇನ್ನೊಂದು ಹಡಗಿಗೆ ಬಹುಮಾನ ಬಂತು. ನಮಗೆ ಹೊಟ್ಟೆ ಉರೀಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದರೂ "ಮೂಲ" ಅನ್ನೋ ಆ ಪದದ ಬಗ್ಗೆ ನಮಗೆ ನಿಜವಾಗಲೂ ತಕರಾರಿದೆ.

ನಾವು ಕಾಗದದಲ್ಲಿ ಕಟ್ಟಿದ್ದು ಸ್ಟ್ಯಾನ್ಲಿ ಕುಬ್ರಿಕ್ ಅವರ 1968ರ ಚಿತ್ರ '2001: ಎ ಸ್ಪೇಸ್ ಒಡಿಸ್ಸಿ'ಯ ಡಿಸ್ಕವರಿ ಹಡಗನ್ನು. ಮುಂದೆ ಗಗನಯಾತ್ರಿಗಳಿರುವ ಗೋಳ, ಹಿಂದೆ ಪರಮಾಣು ಎಂಜಿನ್, ನಡುವೆ ಉದ್ದನೆಯ ಬೆನ್ನೆಲುಬು.

ಕಾಗದ ಸುಲಭ ಅಂದುಕೊಂಡವರು ಒಮ್ಮೆ ಗೋಳ ಮಾಡಿ ನೋಡಬೇಕು. ಮೊದಲ ವರ್ಷದ ಡ್ರಾಯಿಂಗ್ ಕ್ಲಾಸಿನಲ್ಲಿ 'ಡೆವಲಪ್‌ಮೆಂಟ್ ಆಫ್ ಸರ್ಫೇಸಸ್' ಮಾಡಿದ್ದೇವಲ್ಲ, ಸಿಲಿಂಡರ್ ಬಿಚ್ಚುತ್ತೆ, ಕೋನ್ ಬಿಚ್ಚುತ್ತೆ. ಗೋಳ ಮಾತ್ರ ಹಿಗ್ಗದೆ ಕುಗ್ಗದೆ ಚಪ್ಪಟೆಯಾಗಲ್ಲ. ಇದನ್ನು ಗೌಸ್ 1827ರಲ್ಲೇ ತೋರಿಸಿದ್ದಾರೆ. ಹಾಗಾಗಿ ಕಿತ್ತಳೆ ತೊಳೆಯ ಹಾಗೆ ಪಟ್ಟಿಗಳನ್ನು ಕತ್ತರಿಸಬೇಕು. ನಮ್ಮ ಗೋಳ 8 ಸೆಂ.ಮೀ. ವ್ಯಾಸದ್ದು, 12 ಪಟ್ಟಿ. ಒಂದೊಂದೂ 12.6 ಸೆಂ.ಮೀ. ಉದ್ದ, ನಡುವಿನಲ್ಲಿ 2.1 ಸೆಂ.ಮೀ. ಅಗಲ. ಪ್ರತಿ ಪಟ್ಟಿಯಲ್ಲಿ ಅರ್ಧ ಮಿ.ಮೀ. ತಪ್ಪಿದರೂ ಕೊನೆಗೆ 6 ಮಿ.ಮೀ. ಸೀಳು ಉಳಿಯುತ್ತೆ. ನಮಗೆ ಉಳಿಯಿತು. ಎರಡನೇ ಗೋಳ ಪರವಾಗಿಲ್ಲ. ಬೆನ್ನೆಲುಬಿನ ಕಥೆ ಇನ್ನೂ ಮಜಾ: ತೂಕವೇ ಇಲ್ಲದ ಜಾಗಕ್ಕೆ ಹೊರಟ ಹಡಗು ನಮ್ಮ ಮೇಜಿನ ಮೇಲೆ ಬಾಳೆಗೊನೆ ಥರ ಬಾಗಿತು. ಒಳಗೆ ತ್ರಿಕೋನಾಕಾರದ ಕಾಗದದ ಕೊಳವೆ ತೂರಿಸಿದ ಮೇಲೆ ನೆಟ್ಟಗಾಯಿತು.

ಈಗ ರೆಕ್ಕೆ ವಿಷಯ. ಅಂತರಿಕ್ಷದಲ್ಲಿ ಗಾಳಿಯಿಲ್ಲ, ನೀರಿಲ್ಲ. ರಿಯಾಕ್ಟರಿನ ಶಾಖ ಹಡಗಿನಿಂದ ಆಚೆ ಹೋಗಬೇಕಾದರೆ ವಿಕಿರಣವಾಗಿಯೇ ಹೋಗಬೇಕು. ಅದಕ್ಕೆ ಅಗಲವಾದ ಫಲಕಗಳು ಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅಮೋನಿಯಾ ಹರಿಯುವ ಬಿಳಿ ಫಲಕಗಳಿವೆಯಲ್ಲ, ಅವು ಇದೇ ಕೆಲಸ ಮಾಡೋದು. ಚಿತ್ರ ತಯಾರಿಸಿದವರಿಗೂ ಇದು ಗೊತ್ತಿತ್ತು. ಡಿಸ್ಕವರಿಯ ಮೊದಲಿನ ವಿನ್ಯಾಸಗಳಲ್ಲಿ ದೊಡ್ಡ ದೊಡ್ಡ ರೇಡಿಯೇಟರ್‌ಗಳಿದ್ದವು. ಪ್ರೇಕ್ಷಕರು ರೆಕ್ಕೆ ಅಂದುಕೊಂಡಾರು ಎಂದು ಕೈಬಿಟ್ಟರು. ನಮ್ಮ ತೀರ್ಪುಗಾರರು ಅಂದುಕೊಂಡಿದ್ದೂ ಅದನ್ನೇ, ಪಾಪ!

ಹಾಗಾದ್ರೆ ಮೂಲ ಯಾವುದು? ತೆರೆಯ ಮೇಲಿನದೋ, ಅದಕ್ಕೂ ಮೊದಲು ಕಾಗದದ ಮೇಲಿದ್ದದ್ದೋ? 1984ರಲ್ಲಿ ಮುಂದಿನ ಚಿತ್ರ '2010' ಬಂದಾಗ ಹಳೆಯ ಮಾದರಿಗಳು ಉಳಿದಿರಲಿಲ್ಲ. ಮೊದಲ ಚಿತ್ರದ ದೃಶ್ಯಗಳನ್ನು ನೋಡಿ ನೋಡಿಯೇ ಡಿಸ್ಕವರಿಯನ್ನು ಮತ್ತೆ ಕಟ್ಟಿದರು.

ಬೆಳ್ಳಿ ಬಣ್ಣದ ಮೇಲೆ ನಮಗೇನೂ ಸಿಟ್ಟಿಲ್ಲ. ಆದರೆ ಮಾದರಿಯನ್ನು ಬದಲಿಸಿದವರು ಯಾಕೆ ಬದಲಿಸಿದೆವು ಅಂತ ಹೇಳುವ ಹಾಗಿರಬೇಕು, ತೀರ್ಪುಗಾರರು ಅದನ್ನು ಕೇಳಬೇಕು. ನಾವು ಮೊದಲು ಚೆಂದಕ್ಕೆ ಅಂತ ನಾಲ್ಕು ಫಲಕಗಳನ್ನು ಪ್ಲಸ್ ಆಕಾರದಲ್ಲಿ ಅಂಟಿಸಿದ್ದೆವು. ಆಮೇಲೆ ಹೊಳೆಯಿತು, ಅಕ್ಕಪಕ್ಕದ ಫಲಕಗಳು ಒಂದನ್ನೊಂದು ನೋಡುತ್ತವೆ, ಬಿಟ್ಟ ಶಾಖದಲ್ಲಿ ಒಂದಿಷ್ಟನ್ನು ತಾವೇ ವಾಪಸ್ ತಗೊಳ್ತವೆ. ಎರಡನ್ನು ಕಿತ್ತೆವು. (ಫೆವಿಕಾಲ್ ಒಣಗಿತ್ತು, ಜೊತೆಗೆ ಬೆನ್ನೆಲುಬಿನ ಸಿಪ್ಪೆಯೂ ಬಂತು.) ಅಳತೆಗೂ ಲೆಕ್ಕ ಹಾಕಿದೆವು. ಫಲಕ 300 ಕೆಲ್ವಿನ್‌ನಲ್ಲಿದ್ದರೆ 1 ಮೆಗಾವ್ಯಾಟ್ ಶಾಖ ಕಳೆಯಲು, ಎರಡೂ ಮುಖ ಬಳಸಿದರೂ, ಸುಮಾರು 1,100 ಚದರ ಮೀಟರ್ ಬೇಕು. 600 ಕೆಲ್ವಿನ್‌ಗೆ ಏರಿಸಿದರೆ 70 ಸಾಕು, ಯಾಕಂದ್ರೆ ತಾಪ ಎರಡು ಪಟ್ಟಾದರೆ ವಿಕಿರಣ ಹದಿನಾರು ಪಟ್ಟು. ಇದೇ ಸೂತ್ರವನ್ನು ಪರೀಕ್ಷೆಗೆ ಉರು ಹೊಡೆದಿದ್ದೆವು. ಕತ್ತರಿ ಹಿಡಿದು ಕೂತಾಗಲೇ ಅದರ ತೂಕ ಗೊತ್ತಾಗಿದ್ದು.

ಮುಂದಿನ ಸಲ ತೀರ್ಪಿನ ಹಾಳೆಯಲ್ಲಿ "ಮೂಲದಂತಿದೆಯೇ?" ಜೊತೆಗೆ "ಬದಲಿಸಿದ್ದಕ್ಕೆ ಕಾರಣವೇನು?" ಅಂತಲೂ ಒಂದು ಸಾಲು ಸೇರಿಸಿ ಎಂದು ಆಯೋಜಕರಿಗೆ ಬರೆದಿದ್ದೇವೆ. ಉತ್ತರ ಬಂದಿಲ್ಲ. ಡಿಸ್ಕವರಿ ಸದ್ಯ ಹಾಸ್ಟೆಲ್ ರೂಮಿನ ಕಪಾಟಿನ ಮೇಲಿದೆ. ಫ್ಯಾನ್ ಹಾಕಿದರೆ ರೇಡಿಯೇಟರ್ ಅಲುಗಾಡುತ್ತೆ, ರೂಮಿಗೆ ಬಂದವರೆಲ್ಲ "ರೆಕ್ಕೆ ಬಡೀತಿದೆ ನೋಡ್ರೋ" ಅಂತಾರೆ.