ಹಗುರ ಬ್ಯಾಟರಿಯ ಅಪಾಯ

ಗ್ಲೈಡರ್‌ಗಳಲ್ಲಿ ಸೀಸ-ಆಮ್ಲ ಬ್ಯಾಟರಿಗಳ ಜಾಗಕ್ಕೆ ಹಗುರವಾದ ಲಿಥಿಯಂ ಬ್ಯಾಟರಿಗಳು ಬರುತ್ತಿವೆ. ರೇಡಿಯೊಗಷ್ಟೇ ಅಲ್ಲ, ಕೆಲವು ಮಾದರಿಗಳಲ್ಲಿ ಮೋಟಾರಿಗೂ. ಆದರೆ ಲಿಥಿಯಂ ಬ್ಯಾಟರಿಗಳೆಲ್ಲ ಒಂದೇ ಗುಣದವಲ್ಲ. ಕಬ್ಬಿಣದ ಫಾಸ್ಫೇಟ್ ಬಳಸಿದವು ಶಾಖವನ್ನು ಹೆಚ್ಚು ತಾಳಿಕೊಳ್ಳುತ್ತವೆ. ಕೋಬಾಲ್ಟ್ ಆಕ್ಸೈಡ್ ಬಳಸಿದವು ಮಿತಿಮೀರಿ ಕಾದರೆ ತಮ್ಮೊಳಗಿಂದಲೇ ಆಮ್ಲಜನಕ ಬಿಡುತ್ತವೆ. ಆ ಬೆಂಕಿ ಸುಲಭವಾಗಿ ಆರುವುದಿಲ್ಲ. 2017ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಪಾರ್ಹಮ್‌ನಲ್ಲಿ ಗ್ಲೈಡರೊಂದು ಇಳಿಯುವ ವೇಳೆ ಅದರ ಮೋಟಾರಿನ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿತು. ಕಾಕ್‌ಪಿಟ್‌ಗೆ ಹೊಗೆ ನುಗ್ಗಿದಾಗಲೇ ಪೈಲಟ್‌ಗೆ ಸುಳಿವು ಸಿಕ್ಕಿದ್ದು. ಪ್ರಾಣಾಪಾಯವಾಗಲಿಲ್ಲ. ಇದೇ ಬೆಂಕಿ ಸಾವಿರ ಮೀಟರ್ ಎತ್ತರದಲ್ಲಿ ಹೊತ್ತಿಕೊಂಡಿದ್ದರೆ ಪ್ಯಾರಾಶೂಟ್ ಬಿಟ್ಟು ಬೇರೆ ದಾರಿ ಇರುತ್ತಿರಲಿಲ್ಲ.

ಬ್ಯಾಟರಿ ವಿಭಾಗದಲ್ಲಿ ಬೆಂಕಿಯ ಮುನ್ನೆಚ್ಚರಿಕೆ ನೀಡುವ ಸಾಧನ ಕಡ್ಡಾಯವಾಗಬೇಕೆಂದು ಬ್ರಿಟನ್ನಿನ ವಿಮಾನ ಅಪಘಾತ ತನಿಖಾ ಸಂಸ್ಥೆ ಆಗ ಶಿಫಾರಸು ಮಾಡಿತ್ತು. ಅದು ಸರಿಯಾದ ಶಿಫಾರಸು, ಆದರೆ ಅಷ್ಟೇ ಸಾಲದು. ಹಳೆಯ ಸೀಸದ ಬ್ಯಾಟರಿಯನ್ನು ಕಿತ್ತು, ಅಳತೆ ಹೊಂದಿತೆಂಬ ಒಂದೇ ಕಾರಣಕ್ಕೆ ಅಗ್ಗದ ಲಿಥಿಯಂ ಬ್ಯಾಟರಿಯನ್ನು ಕೂರಿಸುವುದಕ್ಕೆ ಅವಕಾಶ ಇರಕೂಡದು. ಅದರ ರಸಾಯನಕ್ಕೆ ಹೊಂದುವ ಚಾರ್ಜರ್, ಟರ್ಮಿನಲ್‌ಗೆ ತಾಗಿಯೇ ಫ್ಯೂಸ್, ಪರಿಣತರ ಪರಿಶೀಲನೆ ಇವಿಷ್ಟೂ ನಿಯಮವಾಗಲಿ. ಸೀಸದ ಬ್ಯಾಟರಿಗೂ ಫ್ಯೂಸ್ ವಿಷಯದಲ್ಲಿ ವಿನಾಯಿತಿ ಬೇಡ. ಶಾರ್ಟ್ ಆದರೆ ವೈರು ಸುಡುವುದು ಅದರಲ್ಲೂ ಉಂಟು.