ಎಲ್ಲಾ ಟೆಸ್ಟೂ ಯಾಕ್ ಒದರಬೇಕ್ರಿ?

"ಲೇ ದೋಸ್ತ, ಟೆಸ್ಟ್ ಬೀಳಾಕತ್ತೈತಿ, ನೋಡಲೇ." ಇಂಡಿಯಿಂದ ಗೆಳೆಯ ವಾಟ್ಸಾಪ್‌ನಲ್ಲಿ ಕಳಿಸಿದ್ದು ಇದೊಂದು ಸಾಲು, ಜೊತೆಗೊಂದು ಫೈಲು. ಫೈಲಿನಲ್ಲಿ ಆರು ಸಾವಿರ ಸಾಲು! 41 ಟೆಸ್ಟುಗಳಲ್ಲಿ 40 ಪಾಸಾಗಿದ್ದವು, ಬಿದ್ದದ್ದು 23ನೆಯದು ಮಾತ್ರ. ಆದರೂ ಪಾಸಾದ ನಲವತ್ತೂ ತಾವು ಏನೇನು ಮಾಡಿದೆವು ಅಂತ ಒದರಿದ್ದವು. ಶಾಲಾ ಟ್ರಿಪ್ಪಿನಲ್ಲಿ ಗೋಳಗುಮ್ಮಟದ ಮೇಲೆ ಹತ್ತಿದ್ದೀರಲ್ಲ? ಹುಡುಗರೆಲ್ಲ ಒಟ್ಟಿಗೆ ಕೂಗಿದಾಗ ಪಿಸುಮಾತಿನ ಆ ಗ್ಯಾಲರಿಯಲ್ಲಿ ಯಾರ ಮಾತು ಕೇಳ್ತದ?

ವಿಷಯ ಸಣ್ಣದು. ನಮ್ಮ ಸಿಂದಗಿ, ಮುದ್ದೇಬಿಹಾಳದ ಕಡೆ ಹಳೆಯ ಪಟ್ಟಿ, ಠರಾವು, ಲಗ್ನಪತ್ರಿಕೆ ಎಲ್ಲ ನುಡಿ ಫಾಂಟಿನಲ್ಲಿವೆ. ಅವನ್ನು ಯುನಿಕೋಡಿಗೆ ತಿರುಗಿಸಲು ನಾವಿಬ್ಬರು ಒಂದು ಶೆಲ್ ಸ್ಕ್ರಿಪ್ಟ್ ಬರೆದಿದ್ದೆವು. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ಮೊದಲು ಬರಬೇಕು. ಆ ಅದಲುಬದಲು ತಪ್ಪಿದರೆ ಕರ್ನಾಟಕ 'ಕನಾರ್ಟಕ' ಆಗುತ್ತದೆ, ಕಾರ್ಯಕ್ರಮ 'ಕಾಯರ್ಕ್ರಮ' ಆಗುತ್ತದೆ. ಇಂಟರ್ನೆಟ್ಟಿನಲ್ಲಿ ಇವನ್ನು ನೋಡದವರು ಯಾರೂ ಇಲ್ಲ. ನಮ್ಮ 23ನೇ ಟೆಸ್ಟು ಕಾಯುತ್ತಿದ್ದದ್ದು ಇದನ್ನೇ.

ಆ ಆರು ಸಾವಿರ ಸಾಲನ್ನು ನಾನು ಮೊಬೈಲಿನಲ್ಲಿ ಓದಲಿಲ್ಲ. ಓದೋದು ಸಾಧ್ಯವೂ ಇರಲಿಲ್ಲ. "ಎಲ್ಲಾ ಯಾಕೋ, 23 ಒಂದ ಓಡಿಸು" ಅಂದೆ. ಓಡಿಸಿದ, ಪಾಸಾಯಿತು. ಇಬ್ಬರೂ ಚಹಾ ಕುಡಿದು ಮರೆತೆವು. ತಿಂಗಳಾದ ಮೇಲೆ ಒಂದು ಸಂಘದ ಸದಸ್ಯರ ಪಟ್ಟಿ 'ಮಲ್ಲಿಕಾಜುರ್ನ' ಅಂತ ಪ್ರಿಂಟಾಗಿ ಬಂತು. ಪಾಸ್‌ಬುಕ್ಕಿನ ಹೆಸರಿಗೂ ಪಟ್ಟಿಯ ಹೆಸರಿಗೂ ತಾಳೆಯಾಗದೆ ಬಸವನ ಬಾಗೇವಾಡಿಯ ಹಿರಿಯರೊಬ್ಬರು ಎರಡು ಸಲ ಬಸ್ ಹತ್ತಿ ಬಂದರು. "ತಮ್ಮಾ, ನನ್ನ ಹೆಸರು ನೀವ್ಯಾಕ ತಿರುವಿ ಹಾಕಿದ್ರಿ?" ಅಂತ ಕೇಳಿದರು.

ಅದಕ್ಕೇ ನನ್ನ ಜಗಳ ಎರಡೂ ಕಡೆಯವರ ಜೊತೆ. ಒಬ್ಬರದು 'ಎಲ್ಲಾ ತೋರಿಸು, ಆಮೇಲೆ ನೋಡೋಣ' ಅನ್ನುವ ಚಟ. ಇನ್ನೊಬ್ಬರದು, ಅಂದರೆ ನನ್ನಂಥವರದು, 'ಬಿದ್ದದ್ದನ್ನಷ್ಟೇ ಓಡಿಸು' ಅನ್ನುವ ಚಟ. ಎರಡನೆಯದು ಹೆಚ್ಚು ಅಪಾಯ, ಯಾಕಂದ್ರ ಅದು ಜಾಣತನದ ಹಾಗೆ ಕಾಣುತ್ತದೆ.

ನಾವು ಬಳಸುತ್ತಿದ್ದದ್ದು ಗಿಟ್ ಯೋಜನೆಯ ಟೆಸ್ಟ್ ಲೈಬ್ರರಿ. ಅದರಲ್ಲಿ ಒಂದು ಫೈಲಿನ ಟೆಸ್ಟುಗಳೆಲ್ಲ ಒಂದೇ ಶೆಲ್ಲಿನಲ್ಲಿ ಸಾಲಾಗಿ ಓಡುತ್ತವೆ. ಮುಂದಿನವನು ಬಿಟ್ಟ ಎಂಜಲು ಹಿಂದಿನವನ ತಾಟಿಗೆ! ಬೇಕಾದ ಟೆಸ್ಟನ್ನಷ್ಟೇ ಓಡಿಸುವ --ರನ್ ಅದಕ್ಕೆ ಬಂದದ್ದು 2014ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ, 2013ರಲ್ಲಿ, --ವರ್ಬೋಸ್-ಓನ್ಲಿ ಬಂದಿತ್ತು. ಇದರಲ್ಲಿ ಟೆಸ್ಟುಗಳೆಲ್ಲ ಓಡುತ್ತವೆ, ನೀವು ಹೇಳಿದ ನಂಬರಿನದು ಮಾತ್ರ ಬಾಯಿ ಬಿಡುತ್ತದೆ. ಒಳಗಿನ ತಂತ್ರವೂ ಸರಳ. ಟೆಸ್ಟುಗಳ ಮಾತು 3 ಮತ್ತು 4ನೇ ಡಿಸ್ಕ್ರಿಪ್ಟರಿನಲ್ಲಿ ಹೋಗುತ್ತದೆ. ಮಾಮೂಲಿಗೆ ಅವೆರಡರ ಬಾಯಿ ಡೆವ್-ನಲ್‌ಗೆ. ಆರಿಸಿದ ಟೆಸ್ಟು ಶುರುವಾಗುವ ಮುಂಚೆ ಅವನ್ನು ಪರದೆಗೆ ತಿರುಗಿಸಿ, ಮುಗಿದ ಮೇಲೆ ಮತ್ತೆ ಮುಚ್ಚುತ್ತದೆ.

ಆ ಹಿರಿಯರು ಬಂದುಹೋದ ರಾತ್ರಿ ನಾನು --ವರ್ಬೋಸ್-ಓನ್ಲಿ='2[23]' ಕೊಟ್ಟೆ. ಅರವತ್ತೇ ಸಾಲು ಬಂತು. 22ನೇ ಟೆಸ್ಟಿನ ಮೈಯಲ್ಲೇ ಕೂತಿತ್ತು ಕಳ್ಳ: ಲೊಕೇಲನ್ನು 'ಸಿ' ಮಾಡಿ ಎಕ್ಸ್‌ಪೋರ್ಟ್ ಮಾಡಿ ಹಾಗೇ ಬಿಟ್ಟಿತ್ತು. ಸಿ ಲೊಕೇಲಿನಲ್ಲಿ ಸೆಡ್ ಅಕ್ಷರ ನೋಡೋದು ಬಿಟ್ಟು ಬೈಟ್ ನೋಡುತ್ತದೆ. ಹಾಗಾಗಿ ಅರ್ಕಾವತ್ತಿನ ನಮ್ಮ ನಿಯಮ ತಾಗದೆ ರಕಾರ ಇದ್ದಲ್ಲೇ ಉಳಿಯುತ್ತದೆ. ಒಂಟಿಯಾಗಿ ಓಡಿಸಿದಾಗ 23 ಪಾಸಾದದ್ದು ಇದಕ್ಕೇ. ಸಂಘದ ಕಂಪ್ಯೂಟರಿನಲ್ಲಿ ನಮ್ಮ ಸ್ಕ್ರಿಪ್ಟ್ ರಾತ್ರಿ ಕ್ರಾನ್‌ನಿಂದ ಓಡುತ್ತಿತ್ತು, ಅಲ್ಲಿಯೂ ಲೊಕೇಲ್ ಇರಲಿಲ್ಲ. ಟೆಸ್ಟು ಮೊದಲೇ ಖರೇ ಹೇಳಿತ್ತು, ನಾವು ಬಾಯಿ ಮುಚ್ಚಿಸಿದೆವು. (ಆ 22 ಬರೆದವ ನಾನೇ, ಹೇಳಿಬಿಡ್ತೀನಿ.)

"ಎಲ್ಲಾ ಲಾಗ್ ಇದ್ರ ಒಳ್ಳೇದಲ್ರಿ?" ಅಂತ ಕೇಳುವವರಿದ್ದಾರೆ. ಮತ್ತೆ ಓಡಿಸಲಾಗದ ದೂರದ ಸರ್ವರಿನಲ್ಲಾದರೆ ಹೌದು, ಇರಲಿ, ಆದರೆ ಫೈಲಿನಲ್ಲಿ ಇರಲಿ. ಅದಕ್ಕೆ --ವರ್ಬೋಸ್-ಲಾಗ್ ಇದೆ. ಪ್ರೂವ್ ಅಡಿಯಲ್ಲಿ ಓಡಿಸುವಾಗ ಬರೀ --ವರ್ಬೋಸ್ ಕೊಟ್ಟರೆ ಗಿಟ್‌ನ ಲೈಬ್ರರಿಯೇ ಒಲ್ಲೆ ಅಂದು ಈ ದಾರಿ ತೋರಿಸುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಕೂತು ಇನ್ನೊಬ್ಬನ ಮೊಬೈಲಿಗೆ ಆರು ಸಾವಿರ ಸಾಲು ಎಸೆಯೋದು ಮಾತ್ರ ಸಹಾಯ ಕೇಳೋ ರೀತಿ ಅಲ್ರಿ, ಅದು ಕೆಲಸ ದಾಟಿಸೋದು.

ವರ್ಬೋಸ್-ಓನ್ಲಿಯಲ್ಲೂ ಒಂದು ಕಿರಿಕಿರಿ ಅದ. ನಂಬರು ಅಂದರೆ ಫೈಲಿನೊಳಗಿನ ಬರೀ ಎಣಿಕೆ. ನಡುವೆ ಯಾರಾದರೂ ಹೊಸದೊಂದು ತುರುಕಿದರೆ ನಿನ್ನೆಯ 23 ಇವತ್ತು 24. '2*' ಕೊಟ್ಟರೆ 2ರ ಜೊತೆ 20ರಿಂದ 29ರವರೆಗೆ ಎಲ್ಲವೂ ಮಾತಾಡುತ್ತವೆ. ಆದ್ದರಿಂದ ಓಡಿಸುವ ಮುಂಚೆ ಒಮ್ಮೆ ಎಣಿಸಿರಿ.

ಈಗ 22ನೆಯದನ್ನು ಸಬ್‌ಶೆಲ್ಲಿನ ಕಂಸದೊಳಗೆ ಹಾಕಿದ್ದೇನೆ, ಲೊಕೇಲನ್ನು ಸ್ಕ್ರಿಪ್ಟೇ ಇಟ್ಟುಕೊಳ್ಳುತ್ತದೆ. ಪಟ್ಟಿ ಮತ್ತೊಮ್ಮೆ ಪ್ರಿಂಟಾಯಿತು. ಮೊನ್ನೆ ಗೆಳೆಯ ಇನ್ನೊಂದು ಬಿದ್ದ ಟೆಸ್ಟು ಕಳಿಸಿದ. ಹದಿನೆಂಟು ಸಾಲು ಇತ್ತು, ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಓದಿದೆ.