ಹೊಲ ನೋಡಬೇಡಿ, ಸಾಲು ನೋಡಿ

ನಮ್ಮ ಮನೆ ಮುಂದಿನ ಬೇವಿನ ಗಿಡದ ಕೆಳಗೆ ಒಂದು ಹಳೆ 407 ಲಾರಿ ನಿಂತಿದೆ. 2019ರಿಂದ ಅದನ್ನು ರಿಪೇರಿ ಮಾಡುತ್ತಿದ್ದೇನೆ. ಹಾದಿಯಲ್ಲಿ ಹೋಗುವವರು ಕೇಳುವ ಪ್ರಶ್ನೆ ಒಂದೇ. "ಏನ್ ಕಾಕಾ, ಗಾಡಿ ಯಾವಾಗ ಹೊಂಡ್ತದ?" ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ "ಬಾ, ಈ ಪಾನಾ ಹಿಡಿ, ಲಗೂ ಹೊಂಡ್ತದ" ಅನ್ನುತ್ತೇನೆ. ಕೇಳಿದವರು ಜಾಗ ಖಾಲಿ ಮಾಡುತ್ತಾರೆ.

ಕೃಷಿ ಪತ್ರಿಕೆಯಲ್ಲಿ ಲಾರಿ ಸುದ್ದಿ ಯಾಕೆ ಅಂತ ನೀವು ಕೇಳಬಹುದು. ಬಾವಿ ತೋಡುವುದು, ಬದು ಹಾಕುವುದು, ಮನೆ ಕಟ್ಟುವುದು, ಹಳೆ ಗಾಡಿ ಎಬ್ಬಿಸುವುದು, ಸಣ್ಣ ರೈತನಿಗೆ ಎಲ್ಲವೂ ವರ್ಷಗಟ್ಟಲೆ ಹಿಡಿಯುವ ಕೆಲಸಗಳೇ. ಕೈಯಲ್ಲಿ ಒಮ್ಮೆಗೆ ದುಡ್ಡು ಇರುವುದಿಲ್ಲ. ಅರ್ಧಕ್ಕೆ ನಿಂತ ಕೆಲಸ ನಮ್ಮ ಊರುಗಳಲ್ಲಿ ಎಷ್ಟಿಲ್ಲ? ದುಡ್ಡು ಮುಗಿದು ನಿಂತದ್ದಕ್ಕಿಂತ ಬೇಸರ ಬಂದು ನಿಂತದ್ದೇ ಹೆಚ್ಚು ಅಂತ ನನ್ನ ಅನಿಸಿಕೆ. ಅದಕ್ಕೆ ಬರೆಯುತ್ತಿದ್ದೇನೆ.

ಅಣ್ಣನ ಗಾಡಿ

ಹುಮನಾಬಾದ್ ಮೇಲಿಂದ ಹಾಯ್ದುಹೋಗುವ ಪುಣೆ-ಹೈದರಾಬಾದ್ ಹೆದ್ದಾರಿಗೆ ಮೊದಲು 9ನೇ ನಂಬರ್ ಇತ್ತು, ಈಗ 65. ಆ ರಸ್ತೆ ನೋಡುತ್ತ ಬೆಳೆದ ನಮ್ಮ ಕಡೆಯ ಹುಡುಗರಿಗೆ ಲಾರಿ ಹುಚ್ಚು ಸಹಜ. ನಮ್ಮಣ್ಣ 1998ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ 407 ತಂದ. ಊರವರ ತೊಗರಿ, ಹೆಸರು, ಉದ್ದು ಹುಮನಾಬಾದಿಗೆ, ಕಲಬುರಗಿಗೆ ಒಯ್ದ. 2013ರಲ್ಲಿ ಅಣ್ಣ ತೀರಿಕೊಂಡ. ಗಾಡಿ ಬೇವಿನ ಗಿಡದ ಕೆಳಗೆ ನಿಂತಿತು. ಕೋಳಿಗಳು ಸೀಟಿನ ಮೇಲೆ ಮೊಟ್ಟೆ ಇಟ್ಟವು.

2019ರ ಎಳ್ಳಮಾಸಿ ಮುಗಿದ ವಾರ ಗುಜರಿಯವನು ಬಂದು 62 ಸಾವಿರ ಅಂದ. ವೈನಿ ಒಳಗಿನಿಂದ ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಕೊಡೋದಿದ್ರ ಕೊಡಪ್ಪ, ಆದ್ರ ನಾ ತವರಿಗಿ ಹೋದ ದಿವಸ ಒಯ್ಯಲಿ" ಅಂದರು. ಮರುದಿನ ಗುಜರಿಯವನಿಗೆ ಬೇಡ ಅಂದೆ. ಒಂದೇ ವರ್ಷದಲ್ಲಿ ಗಾಡಿ ರಸ್ತೆಗೆ ತರುತ್ತೇನೆ ಅಂತ ಎಲ್ಲರ ಎದುರು ಹೇಳಿದೆ. ಅದೇ ನನ್ನ ಮೊದಲ ತಪ್ಪು.

ಬೇಸರ ಬಂದದ್ದು ಎಲ್ಲಿ

ಹುಮ್ಮಸ್ಸಿನಲ್ಲಿ ಒಂದೇ ತಿಂಗಳಲ್ಲಿ ಎಲ್ಲವನ್ನೂ ಬಿಚ್ಚಿಬಿಟ್ಟೆ. ಇಂಜಿನ್ ಒಂದು ಕಡೆ, ಬಾಗಿಲು ಒಂದು ಕಡೆ, ನಟ್ಟು ಬೋಲ್ಟು ಡಬ್ಬಿಯಲ್ಲಿ. ಮಿರಗ ಮಳೆ ಬಂತು, ಬಿತ್ತಲು ಹೋದೆ. ತಿರುಗಿ ಬಂದಾಗ ಯಾವ ಬೋಲ್ಟು ಯಾವುದಕ್ಕೆ ಅಂತ ತಿಳಿಯಲಿಲ್ಲ. ಡೀಸೆಲ್ ಪಂಪನ್ನು ಒಬ್ಬ ಮಿಸ್ತ್ರಿಗೆ ಕೊಟ್ಟೆ. "ಮುಂದಿನ ಸಂತಿಗಿ ಬಾ" ಅನ್ನುತ್ತ ಎಂಟು ತಿಂಗಳು ಇಟ್ಟುಕೊಂಡ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಆ ವರ್ಷ ಅಕ್ಟೋಬರಿನ ಅತಿಮಳೆಗೆ ಸೋಯಾ ಕಪ್ಪಾಯಿತು. 2022ರಲ್ಲಿ ತೊಗರಿಗೆ ನೆಟೆ ರೋಗ ಬಿದ್ದು ಕಾಯಿ ಕಟ್ಟುವ ಹೊತ್ತಿಗೆ ಸಾಲಿಗೆ ಸಾಲೇ ಒಣಗಿ ನಿಂತಿತು. ಗಾಡಿಯ ಕಡೆ ನೋಡಲಿಕ್ಕೂ ಮನಸ್ಸಾಗುತ್ತಿರಲಿಲ್ಲ. ಅದರ ಮಗ್ಗುಲಿಗೆ ಹೋಗುವುದು ತಪ್ಪಿಸಲು ಹಿಂದಿನ ಬಾಗಿಲಿನಿಂದ ಓಡಾಡಿದೆ. ಗುಜರಿಯವನನ್ನು ಮತ್ತೆ ಕರೆಯಬೇಕು ಅಂತ ಎರಡು ಸಲ ಹೊರಟೂ ಬಿಟ್ಟಿದ್ದೆ.

ಒಂದು ದಿನ ಮನೆಯಾಕಿಯ ಜೊತೆ ಜೋಳದಲ್ಲಿ ಕಳೆ ತೆಗೆಯುತ್ತಿದ್ದೆ. "ಇನ್ನ ಎಷ್ಟದ ನೋಡು" ಅಂತ ತಲೆ ಎತ್ತಿದೆ. ಆಕೆ ತಲೆ ಎತ್ತದೆಯೇ, "ಹೊಲ ಯಾಕ ನೋಡ್ತೀರಿ, ಸಾಲು ನೋಡ್ರಿ" ಅಂದಳು. ಮೂವತ್ತು ವರ್ಷದಿಂದ ಮಾಡುತ್ತಿರುವ ಕೆಲಸ, ನನಗೇ ಗೊತ್ತಿದ್ದ ಮಾತು. ಕಳೆಗೆ ಗೊತ್ತಿತ್ತು, ಲಾರಿಗೆ ಗೊತ್ತಿರಲಿಲ್ಲ.

ನಾನು ಮಾಡಿಕೊಂಡ ಕಟ್ಟಳೆ

ಹುಮ್ಮಸ್ಸು ಬರಲಿ ಅಂತ ಕಾಯುವುದು ಬಿಟ್ಟೆ. ಹುಮ್ಮಸ್ಸು ಮುಂಗಾರಿ ಮಳೆ ಇದ್ದ ಹಾಗೆ, ಬಂದರೆ ಬಂತು. ಕೆಲಸಕ್ಕೆ ಒಂದು ಕಟ್ಟಳೆ ಬೇಕು.

ಮೊದಲನೆಯದು, ಒಮ್ಮೆಗೆ ಒಂದೇ ಭಾಗ. ಬ್ರೇಕಿಗೆ ಕೈ ಹಚ್ಚಿದರೆ ಬ್ರೇಕು ಮುಗಿಯುವವರೆಗೆ ಬೇರೆ ಬೋಲ್ಟು ಸಡಿಲ ಮಾಡುವುದಿಲ್ಲ. ಬಿಚ್ಚಿದ್ದನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ, ಯಾವುದು ಎಲ್ಲಿಯದು ಅಂತ ಚೀಟಿ ಬರೆದು ಒಳಗೆ ಹಾಕುತ್ತೇನೆ.

ಎರಡನೆಯದು, ಎರಡು ಪಟ್ಟಿ. ಒಂದು ದುಡ್ಡು ಬೇಡುವ ಕೆಲಸಗಳದು: ರಿಂಗು, ಲೈನರ್, ಟಾಯರು, ಬ್ಯಾಟರಿ. ಇನ್ನೊಂದು ಬರೀ ಕೈ ಬೇಡುವ ಕೆಲಸಗಳದು: ಜಂಗು ಕೆರೆಯುವುದು, ಬೋಲ್ಟುಗಳನ್ನು ಡೀಸೆಲ್ಲಿನಲ್ಲಿ ನೆನೆಸಿ ತೊಳೆಯುವುದು, ಚಾಸಿಗೆ ರೆಡ್ ಆಕ್ಸೈಡ್ ಬಳಿಯುವುದು, ಪಾಟಾ ಬಿಚ್ಚಿ ಗ್ರೀಸ್ ಹಚ್ಚುವುದು. ತೊಗರಿ ಕೈಕೊಟ್ಟ ವರ್ಷ ಮೊದಲನೆಯ ಪಟ್ಟಿ ಮುಟ್ಟಲಿಲ್ಲ. ಎರಡನೆಯ ಪಟ್ಟಿಯಿಂದಲೇ ವರ್ಷ ಕಳೆದೆ. ಗಾಡಿ ಓಡಲಿಲ್ಲ, ಆದರೆ ಕೆಲಸವೂ ನಿಲ್ಲಲಿಲ್ಲ. ಈ ಎರಡನೆಯ ಪಟ್ಟಿಯೇ ನನ್ನನ್ನು ಉಳಿಸಿತು.

ಮೂರನೆಯದು, ಹಂಗಾಮು. ತೊಗರಿ ರಾಶಿ ಆದ ಮೇಲೆ ಮಿರಗದವರೆಗೆ ದೊಡ್ಡ ಕೆಲಸ. ಮಿರಗ ಬಂತೆಂದರೆ ಗಾಡಿಗೆ ತಾಡಪತ್ರಿ ಹೊದಿಸಿ ಕಟ್ಟುವುದು. ಆಮೇಲೆ ಅದರ ಚಿಂತೆ ಮಾಡುವುದಿಲ್ಲ. ಬಿತ್ತುವ ದಿನ ಲಾರಿಯ ಚಿಂತೆ, ಲಾರಿಯ ಕೆಳಗೆ ಮಲಗಿದಾಗ ಹೊಲದ ಚಿಂತೆ ಮಾಡಿದರೆ ಎರಡೂ ಕೆಡುತ್ತವೆ.

ನಾಲ್ಕನೆಯದು, ಸಾಲ ಇಲ್ಲ. ಇದುವರೆಗೆ ಬ್ರೇಕು ಮತ್ತು ಪಾಟಾಕ್ಕೆ 59 ಸಾವಿರ, ಇಂಜಿನ್ನಿಗೆ 52, ಟಾಯರಿಗೆ 38, ಕ್ಯಾಬಿನ್ ಪತ್ರಾಕ್ಕೆ 24, ವೈರಿಂಗು ಬ್ಯಾಟರಿಗೆ 17 ಸಾವಿರ, ಒಟ್ಟು 1 ಲಕ್ಷ 90 ಸಾವಿರ ಖರ್ಚಾಗಿದೆ. ಇಷ್ಟಕ್ಕೆ ಓಡುವ ಹಳೆ ಗಾಡಿಯೇ ಸಿಗುತ್ತಿರಲಿಲ್ಲವೇ ಅಂತ ಮಗ ಕೇಳುತ್ತಾನೆ. ಸಿಗುತ್ತಿತ್ತೇನೋ. ಆದರೆ ಒಂದೇ ದಿನ ಎಣಿಸಿ ಕೊಡಬೇಕಿತ್ತು, ಅದಕ್ಕೆ ಬಡ್ಡಿಗೆ ತರಬೇಕಿತ್ತು. ನೆಟೆ ರೋಗದ ವರ್ಷ ಆ ಕಂತು ಯಾರು ಕಟ್ಟುತ್ತಿದ್ದರು? ನನ್ನ ಗಾಡಿ ಕಂತು ಕೇಳಲಿಲ್ಲ, ಸುಮ್ಮನೆ ಕಾದಿತು.

ಬಸವಕಲ್ಯಾಣದ ಶರಣರಲ್ಲಿ ನುಲಿಯ ಚಂದಯ್ಯ ಹಗ್ಗ ಹೊಸೆದು ಬದುಕಿದವರು. ಹಗ್ಗ ಹೊಸೆದು ನೋಡಿದವರಿಗೆ ಗೊತ್ತು, ಅದು ಗೇಣು ಗೇಣಾಗಿಯೇ ಬೆಳೆಯುತ್ತದೆ. ನಮ್ಮ ನೆಲದಲ್ಲಿ ಈ ಬುದ್ಧಿ ಹೊಸದೇನಲ್ಲ.

ಕೈ ಹಚ್ಚುವ ಮೊದಲು

ಇಷ್ಟು ಹೇಳಿದೆ ಅಂತ ಎಲ್ಲರೂ ಹಳೆ ಗಾಡಿ ಎಬ್ಬಿಸಲು ಹೊರಡಬೇಡಿ. ಎರಡು ಮಾತು ಮೊದಲೇ ನೋಡಿಕೊಳ್ಳಿ.

ಒಂದು, ಸಾಮಾನು ಸಿಗುತ್ತದೆಯೇ? 407 ಬಂದದ್ದು 1986ರಲ್ಲಿ. ಆಗ ಜಪಾನಿ ಕಂಪನಿಗಳ ಜೊತೆ ಸೇರಿ ಇಂಥ ಸಣ್ಣ ಲಾರಿ ಮಾಡುವವರು ಬಹಳ ಇದ್ದರು. ನಮ್ಮ ಪಕ್ಕದ ಜಹೀರಾಬಾದಿನಲ್ಲೇ ಆಲ್ವಿನ್ ನಿಸ್ಸಾನ್ ತಯಾರಾಗುತ್ತಿತ್ತು. ಆ ಹೆಸರು ಉಳಿಯಲಿಲ್ಲ, ಕಾರ್ಖಾನೆ ಮಹೀಂದ್ರಾ ಕೈಗೆ ಹೋಯಿತು. 407 ಹೆಸರು ಉಳಿದಿದೆ, ಹಾಗಾಗಿ ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಸಾಮಾನು ಸಿಗುತ್ತದೆ. ನಿಮ್ಮ ಗಾಡಿ ಹೆಸರು ಅಳಿದ ಕಂಪನಿಯದಾದರೆ ಒಂದು ಗ್ಯಾಸ್ಕೆಟ್ಟಿಗೆ ಊರೂರು ತಿರುಗಬೇಕಾದೀತು.

ಎರಡು, ಕಾಗದ. ನಾನು ಏಳನೆತ್ತೆ ಓದಿದವನು, ಕಾಗದ ಅಂದರೆ ಅಂಜಿಕೆ, ಅದಕ್ಕೇ ಕೊನೆಗೆ ಇಟ್ಟೆ. ಅದು ದೊಡ್ಡ ತಪ್ಪು. ಬಾಡಿಗೆ ಗಾಡಿ ನಿಂತರೂ ತೆರಿಗೆ ನಿಲ್ಲುವುದಿಲ್ಲ, ಓಡಿಸುವುದಿಲ್ಲ ಅಂತ ಮೊದಲೇ ಆರ್‌ಟಿಓ ಆಫೀಸಿಗೆ ಬರೆದು ಕೊಡಬೇಕು. ನಮ್ಮಲ್ಲಿ ಯಾರೂ ಕೊಟ್ಟಿರಲಿಲ್ಲ. ಬಾಕಿ ತುಂಬಲು ಒಂದು ವರ್ಷದ ಕಡಲೆ ಹೋಯಿತು. ಫಿಟ್‌ನೆಸ್ ಸರ್ಟಿಫಿಕೇಟ್ ಇಲ್ಲದ ಸರಕು ಗಾಡಿಯನ್ನು ಕಾನೂನು ನೋಂದಣಿ ಆದದ್ದು ಅಂತಲೇ ಒಪ್ಪುವುದಿಲ್ಲ. 15 ವರ್ಷ ದಾಟಿದ ಗಾಡಿಗಳ ಫಿಟ್‌ನೆಸ್ ಶುಲ್ಕ 2022ರ ಏಪ್ರಿಲ್‌ನಿಂದ ಬಹಳ ಏರಿದೆ. ಬಣ್ಣ, ಸೀಟು, ಟೇಪ್ ರೆಕಾರ್ಡರ್ ಆಮೇಲೆ. ಮೊದಲು ಆರ್‌ಟಿಓ ಆಫೀಸಿನಲ್ಲಿ ಕೇಳಿ, ಬಾಕಿ ಎಷ್ಟು, ಶುಲ್ಕ ಎಷ್ಟು ಅಂತ ಕೂಡಿಸಿ ನೋಡಿ. ಲೆಕ್ಕ ಕೂಡದಿದ್ದರೆ ಗುಜರಿಗೆ ಕೊಡುವುದರಲ್ಲಿ ನಾಚಿಕೆ ಇಲ್ಲ. ಎಲ್ಲಿ ಬಿಡಬೇಕು ಅಂತ ಮೊದಲೇ ಗೆರೆ ಹಾಕಿಕೊಂಡವನು ನಡುವೆ ಒದ್ದಾಡುವುದಿಲ್ಲ.

ಈಗ ಎಲ್ಲಿಗೆ ಬಂದಿದೆ

2025ರ ಮೇ ತಿಂಗಳಲ್ಲಿ, ಮಿರಗಕ್ಕೆ ಎರಡು ವಾರ ಇರುವಾಗ, ಇಂಜಿನ್ ಹೊತ್ತಿಕೊಂಡಿತು. ಮೊದಲು ಬಿಳಿ ಹೊಗೆ, ಆಮೇಲೆ ಕರಿ ಹೊಗೆ, ಆಮೇಲೆ ಹಳೆಯ ಸಪ್ಪಳ. ಪುಣೆಯಲ್ಲಿ ಕೆಲಸ ಮಾಡುವ ಮಗ ಅವತ್ತು ಊರಲ್ಲಿದ್ದ. ಗಾಡಿ ಮಾರು ಅಂತ ಪ್ರತಿ ಸಲ ಹೇಳುತ್ತಿದ್ದವನು ಸ್ಟೇರಿಂಗ್ ಮುಂದೆ ಕೂತು ಕೆಳಗೆ ಇಳಿಯಲೇ ಇಲ್ಲ. ವೈನಿ ರೊಟ್ಟಿ ಬಡಿಯುವುದು ಬಿಟ್ಟು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಬಾಗಿಲಲ್ಲಿ ನಿಂತರು. ನಾನು ಇಂಜಿನ್ ಬಂದ್ ಮಾಡಲು ಹೋದಾಗ, "ಇರಲಿ, ಇನ್ನೊಂದೀಟು ನಡೀಲಿ" ಅಂದರು.

ಗಾಡಿ ಇನ್ನೂ ರಸ್ತೆಗೆ ಹೋಗಿಲ್ಲ. ಮುಂದಿನ ಗಾಜು, ಡಾಲಾದ ಹಲಗೆ ಬಾಕಿ ಇವೆ. ಫಿಟ್‌ನೆಸ್ ಆಗುವವರೆಗೆ ನಮ್ಮ ಹೊಲದ ಬದು ದಾಟಿಸುವುದಿಲ್ಲ. ಆದಮೇಲೆ ನಮ್ಮ ಓಣಿಯ ಐದು ಮನೆಯ ತೊಗರಿ ಅದರಲ್ಲೇ ಹುಮನಾಬಾದಿಗೆ ಹೋಗಬೇಕು ಅಂತ ಆಸೆ. ಯಾವಾಗ ಅಂತ ಈ ಸಲ ಯಾರಿಗೂ ಮಾತು ಕೊಟ್ಟಿಲ್ಲ. ಈಗ ಕೈಯಲ್ಲಿರುವ ಸಾಲು ಡಾಲಾದ ಹಲಗೆ, ಅದನ್ನು ನೋಡುತ್ತಿದ್ದೇನೆ.

ನಿಮ್ಮ ಅಂಗಳದಲ್ಲೂ ಅರ್ಧಕ್ಕೆ ನಿಂತ ಕೆಲಸ ಒಂದಾದರೂ ಇದ್ದೀತು. ಈ ವಾರ ಅದರ ಒಂದು ಬೋಲ್ಟು ತೊಳೆಯಿರಿ, ಒಂದು ಬುಟ್ಟಿ ಮಣ್ಣು ಎತ್ತಿ ಹಾಕಿರಿ. ನಿಮ್ಮ ಕಟ್ಟಳೆ ಬೇರೆ ಇದ್ದರೆ ಪತ್ರಿಕೆಗೆ ಬರೆದು ತಿಳಿಸಿ. ನನಗೂ ಕಲಿಯುವುದು ಇದೆ.